ಭಾನುವಾರದ ವಿಧಾನಸೌಧ

ನಮ್ಮ ಕಡೆಯವರು ವಿಧಾನಸೌಧಕ್ಕೆ ಹೋಗುವುದು ಕೆಲಸವಿದ್ದಾಗ. ಮಗನ ವರ್ಗಾವಣೆಯ ಅರ್ಜಿ, ಸೊಸೈಟಿ ಸಾಲದ ತಕರಾರು, ಊರಿಗೆ ಬಾರದ ಬಸ್ಸು, ಮಂತ್ರಿಗಳ ಕಚೇರಿಯಿಂದ ಬೇಕಾದ ಒಂದು ಪತ್ರ: ಇಂಥ ಏನಾದರೊಂದು ಗಂಟು ಬಿದ್ದಾಗ ಗದಗಿನಲ್ಲಿ ರಾತ್ರಿ ರೈಲು ಹತ್ತುತ್ತಾರೆ. ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಪರಿಚಯದವರ ರೂಮಿನಲ್ಲೋ ಶಾಸಕರ ಭವನದಲ್ಲೋ ಮುಖ ತೊಳೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಗೇಟಿನ ಮುಂದೆ ನಿಲ್ಲುತ್ತಾರೆ. ಪಾಸು ಸಿಕ್ಕರೆ ಒಳಗೆ ಉದ್ದನೆಯ ಮೊಗಸಾಲೆ, ಬೆಂಚು, ಕಾಯುವಿಕೆ. ‘ಸಾಹೇಬ್ರು ಮೀಟಿಂಗ್‌ನ್ಯಾಗದಾರ್ರಿ’ ಎಂಬ ಮಾತು ಕೇಳಿಸಿಕೊಂಡು ಅದೇ ರಾತ್ರಿ ವಾಪಸು. ಆ ಕಟ್ಟಡದ ಕಂಬಗಳು ಎಷ್ಟು ಎತ್ತರ, ಬಾಗಿಲು ಯಾವ ಮರದ್ದು ಎಂದು ನೋಡುವ ವ್ಯವಧಾನ ಅವರಿಗೆ ಇರುವುದಿಲ್ಲ. ಕಣ್ಣೆಲ್ಲ ಕೈಯಲ್ಲಿರುವ ಪ್ಲಾಸ್ಟಿಕ್ ಫೈಲಿನ ಮೇಲೆ.

2025ರ ಜೂನ್ 1ರಿಂದ ಇದೇ ಕಟ್ಟಡಕ್ಕೆ ಒಳಹೋಗಲು ಇನ್ನೊಂದು ದಾರಿ ತೆರೆದಿದೆ. ಪ್ರವಾಸೋದ್ಯಮ ಇಲಾಖೆ ಭಾನುವಾರಗಳಂದು ಹಾಗೂ ಎರಡನೇ ಮತ್ತು ನಾಲ್ಕನೇ ಶನಿವಾರಗಳಂದು ವಿಧಾನಸೌಧದಲ್ಲಿ ಮಾರ್ಗದರ್ಶಿ ನಡಿಗೆ ಶುರುಮಾಡಿತು. ದೊಡ್ಡವರಿಗೆ 50 ರೂಪಾಯಿ, ಶಾಲೆಯ ಮಕ್ಕಳಿಗೆ ಉಚಿತ. ಮೂವತ್ತು ಜನರದ್ದೊಂದು ತಂಡ, ಕನ್ನಡ ಅಥವಾ ಇಂಗ್ಲಿಷ್ ಬಲ್ಲ ಗೈಡ್, ಸುಮಾರು ಒಂದೂವರೆ ಕಿಲೋಮೀಟರ್, ಒಂದೂವರೆ ತಾಸು. ಇದನ್ನು ಜಾರಿಗೆ ತಂದಾಗ ಪ್ರವಾಸೋದ್ಯಮ ಖಾತೆ ಹೊಂದಿದ್ದವರು ಎಚ್.ಕೆ. ಪಾಟೀಲರು. ಗದಗಿನ ಶಾಸಕರು, ಹುಲಕೋಟಿಯವರು. ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಖಾತೆಯೂ ಅವರ ಬಳಿಯೇ ಇತ್ತು. ಕಟ್ಟಡ ತೋರಿಸುವ ಇಲಾಖೆ, ಕಟ್ಟಡದೊಳಗೆ ಕಲಾಪ ನಡೆಸುವ ಇಲಾಖೆ ಎರಡೂ ಒಂದೇ ಮೇಜಿನ ಮೇಲಿದ್ದವು ಎಂಬುದು ಮುಂದಿನ ಮಾತಿಗೆ ಬೇಕಾಗುತ್ತದೆ, ನೆನಪಿರಲಿ.

ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಎಪ್ಪತ್ತು ವರ್ಷ ಕಬ್ಬನ್ ಪಾರ್ಕಿನ ಕಡೆಯಿಂದ ನಿಂತು ಫೋಟೊ ತೆಗೆಸಿಕೊಂಡದ್ದೇ ಬಂತು. ಆದರೆ ಈ ನಡಿಗೆಯನ್ನು ಅರಮನೆ, ಕೋಟೆ, ಪ್ರಾಣಿಸಂಗ್ರಹಾಲಯಗಳ ಸಾಲಿಗೆ ಸೇರಿಸಿ ಸುಮ್ಮನಾದರೆ ಸರ್ಕಾರ ತನ್ನ ಮನೆಯ ಬಗ್ಗೆ ಹೇಳಬೇಕಾದ ಅರ್ಧ ಕಥೆಯನ್ನು ನುಂಗಿದಂತೆ. ಮೈಸೂರು ಅರಮನೆಯ ರಾಜ್ಯಭಾರ ಮುಗಿದಿದೆ. ಅಲ್ಲಿ ಗೋಡೆ, ಗಾಜು, ಸಿಂಹಾಸನ ತೋರಿಸಿದರೆ ಸಾಕು. ವಿಧಾನಸೌಧದ ರಾಜ್ಯಭಾರ ಸೋಮವಾರ ಮತ್ತೆ ಶುರುವಾಗುತ್ತದೆ. ಅಲ್ಲಿ ಕಲ್ಲಿನ ಜೊತೆಗೆ ಲೆಕ್ಕವನ್ನೂ ತೋರಿಸಬೇಕು. ಯಾರ ದುಡ್ಡು, ಯಾರ ದುಡಿಮೆ, ಯಾರು ಬೇಡವೆಂದರು, ಯಾವ ಕೋಣೆಯಲ್ಲಿ ಏನು ತೀರ್ಮಾನವಾಯಿತು, ಯಾವುದನ್ನು ಜನ ಹೋಗಿ ತಿದ್ದಿಸಿದರು ಎಂಬುದೆಲ್ಲ ಆ ಲೆಕ್ಕದಲ್ಲಿ ಬರುತ್ತದೆ. ಜಗಳವಾಡಲೆಂದೇ ಕಟ್ಟಿದ ಮನೆಯನ್ನು ಜಗಳವೇ ಇಲ್ಲದಂತೆ ತೋರಿಸುವುದು ಹೇಗೆ?

ಮೊದಲು ಕಲ್ಲಿನ ಕಥೆಯನ್ನೇ ನೋಡೋಣ, ಅದೂ ಅಷ್ಟೇನೂ ನುಣುಪಾಗಿಲ್ಲ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಇಟ್ಟಾಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಆಗ ಯೋಚಿಸಿದ್ದು ಇದಕ್ಕಿಂತ ಎಷ್ಟೋ ಸರಳವಾದ ಕಟ್ಟಡ. ಮರುವರ್ಷ ಅಧಿಕಾರಕ್ಕೆ ಬಂದ ಕೆಂಗಲ್ ಹನುಮಂತಯ್ಯ ನಕಾಶೆ ಬದಲಿಸಿದರು. ರಷ್ಯಾದಿಂದ ಬಂದ ನಿಯೋಗವೊಂದು ಬೆಂಗಳೂರು ಸುತ್ತಿ, ‘ಇಲ್ಲಿ ನಿಮ್ಮದೆನ್ನುವ ಕಟ್ಟಡ ಯಾವುದು? ಎಲ್ಲ ಯುರೋಪಿನವೇ ಇವೆ’ ಎಂದು ಕೇಳಿತೆಂದೂ, ಆ ಮಾತು ಅವರಿಗೆ ನಾಟಿತೆಂದೂ ಒಂದು ಕಥೆ ಓಡಾಡುತ್ತದೆ. ಕಥೆ ಹೇಗಾದರೂ ಇರಲಿ, ಬಿ.ಆರ್. ಮಾಣಿಕ್ಯಂ ಅವರ ನೇತೃತ್ವದಲ್ಲಿ ಎದ್ದದ್ದು ದ್ರಾವಿಡ ಶೈಲಿಯ ಗ್ರಾನೈಟ್ ಮಹಲು. ಮುಂಭಾಗದಲ್ಲಿ ಹನ್ನೆರಡು ಕಂಬ, ಒಂದೊಂದೂ 40 ಅಡಿ, ಇನ್ನೂರು ಅಡಿಗೂ ಅಗಲವಾದ 45 ಮೆಟ್ಟಿಲು, ನಡುವೆ 60 ಅಡಿ ವ್ಯಾಸದ ಗುಮ್ಮಟ, ತುದಿಯಲ್ಲಿ ಸಿಂಹ. ಖರ್ಚು ಸುಮಾರು ಒಂದೂಮುಕ್ಕಾಲು ಕೋಟಿ. ಇವತ್ತು ಒಂದು ಬಡಾವಣೆಯ ರಸ್ತೆಗೂ ಸಾಲದ ಹಣ, ಆಗ ಹುಬ್ಬೇರಿಸಿದ ಮೊತ್ತ. ಬಡ ರಾಜ್ಯಕ್ಕೆ ಇಷ್ಟು ದೊಡ್ಡ ಸೌಧ ಬೇಕಿತ್ತೇ ಎಂಬ ಟೀಕೆ ಜೋರಾಗಿಯೇ ಇತ್ತು. 1956ರ ಆಗಸ್ಟಿನಲ್ಲಿ ಹನುಮಂತಯ್ಯ ಅಧಿಕಾರದಿಂದ ಇಳಿದರು. ಕಟ್ಟಿಸಿದವರಿಗೆ ಅಲ್ಲಿ ಮುಖ್ಯಮಂತ್ರಿಯಾಗಿ ಕೂರುವ ಯೋಗ ಬರಲಿಲ್ಲ.

ಕಟ್ಟಿದವರು ಯಾರು? ಐದು ಸಾವಿರದಷ್ಟು ಕೆಲಸಗಾರರು, ಅವರಲ್ಲಿ ಬಹಳಷ್ಟು ಜನ ಜೈಲಿನ ಕೈದಿಗಳು. ಅವರ ಜೊತೆಗೆ ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು ಸಾವಿರದೈನೂರರಷ್ಟು. ಗೈಡ್ ಆದವನು ಇದನ್ನು ಒಂದು ಸ್ವಾರಸ್ಯದ ಸಂಗತಿಯಾಗಿ ಹೇಳಿ ಮುಂದಕ್ಕೆ ನಡೆದುಬಿಡಬಹುದು. ನಿಂತು ಹೇಳಿದರೆ ಅದೇ ಸಂಗತಿ ಬೇರೆ ಥರ ಕೇಳಿಸುತ್ತದೆ. ಕಾನೂನು ಮಾಡುವ ಮನೆಯ ಕಲ್ಲು ಹೊತ್ತವರು ಕಾನೂನಿನಿಂದ ಶಿಕ್ಷೆಗೊಳಗಾದವರು. ಹೊರಗೆ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದೆ. ದೇವರ ಕೆಲಸಕ್ಕೆ ಬಂದ ಆ ಕೈಗಳಿಗೆ ಎಷ್ಟು ಕೂಲಿ ಸಿಕ್ಕಿತು ಎಂದು ಹತ್ತನೇ ಇಯತ್ತೆಯ ಹುಡುಗಿ ಕೇಳಿದರೆ ಗೈಡ್ ಬಳಿ ಉತ್ತರ ಇರಬೇಕು. ಸರ್ಕಾರದ ಹಳೆಯ ಕಡತಗಳನ್ನು ಕಾಯಲೆಂದೇ ರಾಜ್ಯ ಪತ್ರಾಗಾರ ಇಲಾಖೆಯಿದೆ. ಹುಡುಕಿ ತೆಗೆದು ಗೈಡ್‌ಗಳ ಕೈಗೆ ಕೊಡುವುದು ಅಸಾಧ್ಯದ ಕೆಲಸವೇನಲ್ಲ.

ಇನ್ನು ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆಯಿಂದ ಹೋದವರಿಗೆ ಹೇಳಲೇಬೇಕಾದ ಇನ್ನೊಂದು ವಿಷಯವಿದೆ. ಅಡಿಗಲ್ಲು ಬಿದ್ದ ದಿನ ಈ ಸೌಧ ನಮ್ಮದಾಗಿರಲಿಲ್ಲ. ಅದು ಮೈಸೂರು ರಾಜ್ಯದ್ದು. ನಾವು ಮುಂಬೈ ರಾಜ್ಯದ ಧಾರವಾಡ ಜಿಲ್ಲೆಯವರು. ಅದಕ್ಕೂ ಸ್ವಲ್ಪ ಹಿಂದೆ, 1948ರವರೆಗೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮೀರಜ್‌ನ ಪಟವರ್ಧನರಿಗೆ. ಒಂದೇ ದಿನ ಚಕ್ಕಡಿಯಲ್ಲಿ ಹೋಗಿ ಬರಬಹುದಾದ ಸಂತೆಗಳು ಮೂರು ಸರ್ಕಾರಗಳ ಕೆಳಗಿದ್ದವು. ಏಕೀಕರಣದ ಕಾಲಕ್ಕೆ ನಾಡಗೀತೆಯಂತಿದ್ದ ಹಾಡು ಬರೆದ ಹುಯಿಲಗೋಳ ನಾರಾಯಣರಾಯರು ಗದುಗಿನಲ್ಲಿ ವಕೀಲಿ ಮಾಡಿಕೊಂಡಿದ್ದವರು. ಮುಂಬೈ ಶಾಸನಸಭೆಯಲ್ಲಿ ಏಕೀಕರಣಕ್ಕಾಗಿ ದನಿ ಎತ್ತಿದ ಅಂದಾನಪ್ಪ ದೊಡ್ಡಮೇಟಿ ರೋಣ ತಾಲೂಕಿನ ಜಕ್ಕಲಿಯವರು. 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತದ್ದು ಇದಕ್ಕೇ. ಹಳೇ ಮೈಸೂರಿನಲ್ಲಿ ಏಕೀಕರಣ ಬೇಡವೆನ್ನುವ ದೊಡ್ಡ ಗುಂಪಿತ್ತು. ಹನುಮಂತಯ್ಯ ಅದನ್ನು ಎದುರು ಹಾಕಿಕೊಂಡು ಬೇಕೆಂದವರು. 1956ರ ನವೆಂಬರ್ 1ರಂದು ನಾವು ಬಂದು ಸೇರುವ ಹೊತ್ತಿಗೆ ಮೈಸೂರಿಗಾಗಿ ಕಟ್ಟಿದ ಮನೆ ಇಡೀ ಕರ್ನಾಟಕಕ್ಕೆ ಆಗುವಷ್ಟು ದೊಡ್ಡದಾಗಿ ತಯಾರಿತ್ತು. ದುಂದುವೆಚ್ಚ ಎಂದು ಬೈದವರ ಲೆಕ್ಕ ಅಲ್ಲಿಗೆ ತಪ್ಪಿತು ಎನ್ನಬಹುದು. ಹೆಸರು ಮಾತ್ರ 1973ರವರೆಗೆ ಮೈಸೂರು ಎಂದೇ ಉಳಿಯಿತು.

ಹಾಗಾಗಿ ಬೆಂಗಳೂರಿನವರಿಗೂ ನಮಗೂ ಒಂದೇ ಪಾಠ ಒಪ್ಪಿಸಿದರೆ ಆಗದು. ಬೆಂಗಳೂರಿನವರಿಗೆ ಅದು ಎದುರಿಗಿನ ಅಠಾರಾ ಕಚೇರಿಯ ಮುಂದುವರಿಕೆ. 1868ರಲ್ಲಿ ಕಟ್ಟಿ ಮುಗಿಸಿದ ಆ ಕೆಂಪು ಕಟ್ಟಡದಿಂದ ಸಚಿವಾಲಯ ರಸ್ತೆ ದಾಟಿ ಬಂತು, ಹೈಕೋರ್ಟ್ ಅಲ್ಲೇ ಉಳಿಯಿತು. (ಆ ಕೆಂಪು ಕಟ್ಟಡವನ್ನೇ ಕೆಡವಿ ಹೊಸದು ಕಟ್ಟುವ ಮಾತು 1980ರ ದಶಕದಲ್ಲಿ ಎದ್ದಿತ್ತು. ನಾಗರಿಕರು ಅದೇ ಹೈಕೋರ್ಟಿಗೆ ಹೋಗಿ, ಅದೇ ಕಟ್ಟಡ ಉಳಿಸಿ ಎಂದು ಕೇಳಿದರು, ಕಟ್ಟಡ ಉಳಿಯಿತು. ಇಂಥ ಕಥೆ ಕೈಯಳತೆಯಲ್ಲಿರುವಾಗ ಗೈಡ್ ಬರೀ ಕಮಾನುಗಳ ಬಣ್ಣ ಹೇಳಿ ಕೈಬಿಟ್ಟರೆ ಬೇಸರ.) ನಮಗೆ ವಿಧಾನಸೌಧ ಬೇಡಿ ಪಡೆದ ಮನೆ. ಬೇಡಿದವರ ಹೆಸರು ಹೇಳದೆ ನಮ್ಮೂರಿನ ಮಕ್ಕಳನ್ನು ಅಲ್ಲಿ ಸುತ್ತಿಸಿ ಕಳಿಸಬಾರದು.

ಕಲ್ಲಿನಿಂದ ಕೆಲಸಕ್ಕೆ ಬರೋಣ. ಗದಗ ತಾಲೂಕಿನ ಅಸುಂಡಿಯಂಥ ನಮ್ಮ ಹಳ್ಳಿಗಳವರಿಗೆ ಹತ್ತಿರದ ಒಂದು ಉದಾಹರಣೆ ಸಾಕು: ಕಪ್ಪತಗುಡ್ಡ. ಗದಗ, ಮುಂಡರಗಿ, ಶಿರಹಟ್ಟಿ ಮೂರೂ ತಾಲೂಕುಗಳಿಗೆ ಚಾಚಿಕೊಂಡ ಗುಡ್ಡದ ಸಾಲು. ಔಷಧಿ ಗಿಡಗಳಿಗೂ ಒಡಲೊಳಗಿನ ಖನಿಜಕ್ಕೂ ಹೆಸರಾದದ್ದು. 2015ರ ಕೊನೆಗೆ ಸರ್ಕಾರ ಅದನ್ನು ಸಂರಕ್ಷಿತ ಮೀಸಲು ಪ್ರದೇಶ ಎಂದು ಘೋಷಿಸಿತು. ಒಂದು ವರ್ಷ ತುಂಬುವುದರೊಳಗೆ, 2016ರ ನವೆಂಬರಿನಲ್ಲಿ, ಅದೇ ಸರ್ಕಾರ ಆ ಆದೇಶವನ್ನು ವಾಪಸು ಪಡೆಯಿತು. ಚಿನ್ನದ ಗಣಿಗಾರಿಕೆಗೆ ದಾರಿ ಮಾಡಿಕೊಡಲು ಹೀಗಾಯಿತು ಎಂಬ ಆತಂಕ ಜಿಲ್ಲೆಯಲ್ಲಿ ಹಬ್ಬಿತು. 2017ರ ಫೆಬ್ರವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಗದಗಿನಲ್ಲಿ ಜನ ಧರಣಿ ಕೂತರು. ಏಪ್ರಿಲಿನಲ್ಲಿ ಸರ್ಕಾರ ಮತ್ತೆ ಮೀಸಲು ಪ್ರದೇಶ ಎಂದಿತು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಕಡತ ವಿಧಾನಸೌಧದಲ್ಲಿತ್ತೋ ಪಕ್ಕದ ಬಹುಮಹಡಿ ಕಟ್ಟಡದಲ್ಲಿತ್ತೋ ಬೇರೆ ಮಾತು. ಒಂದು ಗುಡ್ಡದ ಹಣೆಬರಹ ಒಂದೂವರೆ ವರ್ಷದಲ್ಲಿ ಮೂರು ಸಲ ತಿದ್ದಿದ್ದು ಈ ಆವರಣದಲ್ಲಿ, ತಿದ್ದಿಸಿದ್ದು ಗದಗಿನ ಬೀದಿಯಲ್ಲಿ.

ಅದಕ್ಕೂ ಮುಂಚೆ 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯದು ಇಂಥದ್ದೇ ಕಥೆ. ಪೋಸ್ಕೋ ಉಕ್ಕಿನ ಕಾರ್ಖಾನೆಗೆಂದು ಎರಿಭೂಮಿಯನ್ನು ಸ್ವಾಧೀನ ಮಾಡಲು ಹೊರಟ ಸರ್ಕಾರ, ರೈತರು ಎದ್ದು ನಿಂತ ಮೇಲೆ ಜುಲೈಯಲ್ಲಿ ಕೈಬಿಟ್ಟಿತು. ಇನ್ನೂ ಹಿಂದೆ ಹೋದರೆ ನರಗುಂದ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಸಿಡಿದೆದ್ದರು, ಗೋಲಿಬಾರ್ ಆಯಿತು, ರಕ್ತ ಬಿತ್ತು. ಮರುವರ್ಷದ ಆರಂಭದಲ್ಲಿ ನರಗುಂದದಿಂದ ಬೆಂಗಳೂರಿಗೆ ಜಾಥಾ ಹೊರಟಿತು. ಅದೂ ವಿಧಾನಸೌಧ ನೋಡಲು ಹೊರಟ ನಡಿಗೆಯೇ. ಒಂದೂವರೆಯಲ್ಲ, ನಾನ್ನೂರಕ್ಕೂ ಹೆಚ್ಚು ಕಿಲೋಮೀಟರಿನದು. 1983ರಲ್ಲಿ ಗುಂಡೂರಾಯರ ಸರ್ಕಾರ ಬಿದ್ದದ್ದರಲ್ಲಿ ಆ ನಡಿಗೆಯ ಪಾಲೂ ಇದೆ.

ಇವೆಲ್ಲ ರಾಜಕೀಯ, ಪ್ರವಾಸಿ ಗೈಡ್ ಇದರ ಗೋಜಿಗೆ ಹೋಗಬಾರದು ಎನ್ನುವವರು ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಗೈಡ್ ಸಂಬಳ ಪಡೆಯುವುದು ಸರ್ಕಾರದಿಂದ. ಇವತ್ತಿನ ಆಡಳಿತ ಪಕ್ಷದ ಗುಣಗಾನವನ್ನೋ ನಿನ್ನೆಯ ಪಕ್ಷದ ನಿಂದೆಯನ್ನೋ ಅವನ ಬಾಯಲ್ಲಿ ತುರುಕುವ ಆಸೆ ಯಾವ ಸರ್ಕಾರಕ್ಕೂ ಬರಬಹುದು. ಅದಕ್ಕಿಂತ ಕಂಬದ ಎತ್ತರ ಹೇಳಿಕೊಂಡಿರುವುದೇ ಕ್ಷೇಮ ಎಂದು ಅನ್ನಿಸುವುದು ಸಹಜ. ಆದರೆ ಕಪ್ಪತಗುಡ್ಡದ ಮೂರು ಆದೇಶಗಳು ಯಾವ ಪಕ್ಷದ ಪ್ರಚಾರವೂ ಅಲ್ಲ. ದಿನಾಂಕದ ಸಮೇತ ಸರ್ಕಾರವೇ ಹೊರಡಿಸಿದ ಕಾಗದ ಅವು. ಕಾಗದ ಓದುವುದಕ್ಕೂ ಭಾಷಣ ಮಾಡುವುದಕ್ಕೂ ಇರುವ ವ್ಯತ್ಯಾಸ ಒಬ್ಬ ತರಬೇತಾದ ಗೈಡ್‌ಗೆ ಗೊತ್ತಾಗುತ್ತದೆ. ಗೈಡ್ ಹೇಳುವ ಪಾಠವನ್ನು ಅಚ್ಚು ಹಾಕಿಸಿ ಬಹಿರಂಗವಾಗಿ ಇಟ್ಟುಬಿಡಲಿ. ತಪ್ಪಿದ್ದರೆ ಆಡಳಿತದವರೂ ವಿರೋಧ ಪಕ್ಷದವರೂ ಇತಿಹಾಸದ ಮೇಷ್ಟ್ರುಗಳೂ ಜಗಳ ಮಾಡಲಿ. ವಿಧಾನಸೌಧದ ಬಗ್ಗೆ ನಡೆಯುವ ಜಗಳ ವಿಧಾನಸೌಧಕ್ಕೆ ಅವಮಾನ ಹೇಗಾದೀತು?

ಏನು ತೋರಿಸುತ್ತೇವೆ, ಏನು ಬಿಡುತ್ತೇವೆ ಎಂಬುದಕ್ಕೆ ಎರಡು ಬಾಗಿಲುಗಳನ್ನೇ ನೋಡಿ. ಸಚಿವ ಸಂಪುಟದ ಕೋಣೆಯ ಬಾಗಿಲು ಶ್ರೀಗಂಧದ್ದು, ಕುಸುರಿ ಕೆತ್ತನೆಯದು. ಯಾವ ಗೈಡ್ ಆದರೂ ಅದನ್ನು ಹೆಮ್ಮೆಯಿಂದ ತೋರಿಸಬೇಕು. ಮುಖ್ಯಮಂತ್ರಿಗಳ ಕೊಠಡಿಗೆ ದಕ್ಷಿಣದ ಕಡೆ ಇನ್ನೊಂದು ಬಾಗಿಲಿದೆ. ವಾಸ್ತು ಸರಿಯಿಲ್ಲವೆಂಬ ಕಾರಣಕ್ಕೆ ವರ್ಷಗಟ್ಟಲೆ ಮುಚ್ಚಿದ್ದ ಅದನ್ನು 2023ರ ಜೂನಿನಲ್ಲಿ ಸಿದ್ದರಾಮಯ್ಯ ತೆರೆಸಿ, ಅದರ ಮೂಲಕವೇ ಓಡಾಡಿದರು. ವೈಚಾರಿಕತೆಯ ಬಗ್ಗೆ, ಅಧಿಕಾರದ ಅಂಜಿಕೆಯ ಬಗ್ಗೆ, ಸರ್ಕಾರದ ಕೆಲಸ ದೇವರ ಕೆಲಸ ಎಂಬ ಬರಹದ ಬಗ್ಗೆ ಮಕ್ಕಳ ಜೊತೆ ಮಾತಿಗೆ ಕೂರಲು ಗಂಧದ ಬಾಗಿಲಿಗಿಂತ ಈ ಸಾದಾ ಬಾಗಿಲೇ ವಾಸಿ.

ಇನ್ನೊಂದು ತಕರಾರು ದಿನದ್ದು. ನಡಿಗೆ ಇರುವುದು ರಜಾ ದಿನಗಳಲ್ಲಿ ಮಾತ್ರ. ಕಚೇರಿ ಕೆಲಸಕ್ಕೆ ತೊಂದರೆಯಾಗಬಾರದು ಎಂಬ ಕಾರಣ ಒಪ್ಪುವಂಥದ್ದೇ. ಆದರೂ ಫಲವೇನಾಗುತ್ತದೆಂದರೆ, ಟಿಕೆಟ್ ಕೊಂಡವರಿಗೆ ಕಾಣುವುದು ಖಾಲಿ ಸಭಾಂಗಣ, 224 ಖಾಲಿ ಕುರ್ಚಿ. ವಿಧಾನಸಭೆ ಎಂದರೆ ಆ ಕುರ್ಚಿಗಳಲ್ಲ, ಅಲ್ಲಿ ಕೂತವರು ಆಡುವ ಮಾತು. ಸದನ ನಡೆಯುವಾಗ ಗ್ಯಾಲರಿಯಲ್ಲಿ ಕೂರಲು ಪಾಸು ಸಿಗುತ್ತದೆ, ಶಾಲೆಗಳವರು ಮಕ್ಕಳನ್ನು ಕರೆತರುವುದೂ ಉಂಟು. ಆದರೆ ಪಾಸಿಗೆ ಶಾಸಕರ ಕಡೆಯವರನ್ನು ಹಿಡಿಯಬೇಕು. ಶಾಸಕರ ಕಡೆಯವರ ಪರಿಚಯವಿರುವವರು ಹೇಗೂ ಆಗಾಗ ಬೆಂಗಳೂರಿಗೆ ಹೋಗಿ ಬರುತ್ತಿರುತ್ತಾರೆ, ಪರಿಚಯವಿಲ್ಲದವನ ಪಾಡೇನು? ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕಟ್ಟಡ ಸುತ್ತಿಸಲು ದುಡ್ಡು ತೆಗೆದುಕೊಳ್ಳುತ್ತಾರೆ, ಚರ್ಚೆ ಕೇಳುವುದಕ್ಕೆ ಯಾರಿಂದಲೂ ಕಾಸು ಪಡೆಯುವುದಿಲ್ಲ. ಆ ದೇಶದ ನಿವಾಸಿಗಳು ತಮ್ಮ ಸಂಸದರ ಮೂಲಕ ಕೇಳಿಕೊಂಡರೆ ಸುತ್ತಾಟವೂ ಪುಕ್ಕಟೆ. ಬರ್ಲಿನ್ನಿನಲ್ಲಿ 1999ರಲ್ಲಿ ಸಂಸತ್ತಿನ ಮೇಲೆ ಗಾಜಿನ ಗುಮ್ಮಟ ಕಟ್ಟಿ ಜನರನ್ನು ಅಲ್ಲಿಗೆ ಹತ್ತಿಸಿದರು. ಸದಸ್ಯರು ಕೆಳಗೆ, ಮತ ಹಾಕಿದವರು ಅವರ ತಲೆಯ ಮೇಲೆ. ಅದಕ್ಕೂ ಶುಲ್ಕವಿಲ್ಲ, ಮೊದಲೇ ಹೆಸರು ಬರೆಸಿದರೆ ಆಯಿತು. ನಮ್ಮ 50 ರೂಪಾಯಿ ದುಬಾರಿಯೇನಲ್ಲ. ಗದಗಿನಿಂದ ಹೋಗಿ ಬರುವ ಖರ್ಚಿನ ಮುಂದೆ ಅದು ಚಹಾದ ದುಡ್ಡು. ಪ್ರಶ್ನೆ ಆ ಐವತ್ತಕ್ಕೆ ಏನು ನೋಡಸಿಗುತ್ತದೆ ಎಂಬುದು.

ಭದ್ರತೆಯ ಪ್ರಶ್ನೆ ಬಂದೇ ಬರುತ್ತದೆ. 2023ರ ಡಿಸೆಂಬರ್ 13ರಂದು ಲೋಕಸಭೆಯ ಗ್ಯಾಲರಿಯಿಂದ ಇಬ್ಬರು ಕೆಳಗೆ ಹಾರಿ ಹೊಗೆ ಬಿಟ್ಟರು. ಅವರ ಪಾಸು ಮೈಸೂರಿನ ಸಂಸದರ ಕಚೇರಿಯಿಂದ ಹೋಗಿತ್ತು. ಅದೇ ವರ್ಷದ ಜುಲೈ 7ರಂದು ನಮ್ಮ ವಿಧಾನಸಭೆಯಲ್ಲಿ ಬಜೆಟ್ ಮಂಡನೆಯಾಗುತ್ತಿದ್ದಾಗ, ಸಂದರ್ಶಕರ ಪಾಸಿನಲ್ಲಿ ಬಂದ ವಯಸ್ಸಾದವರೊಬ್ಬರು ನೇರವಾಗಿ ಸದನದೊಳಗೆ ನಡೆದು ದೇವದುರ್ಗದ ಶಾಸಕಿಯ ಕುರ್ಚಿಯಲ್ಲಿ ಕಾಲು ತಾಸಿನಷ್ಟು ಹೊತ್ತು ಆರಾಮಾಗಿ ಕೂತಿದ್ದರು. ಪಕ್ಕದ ಶಾಸಕರೊಬ್ಬರಿಗೆ ಅನುಮಾನ ಬರುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಪೊಲೀಸರು ಹಿಡಿದರು, ದೊಡ್ಡ ಸುದ್ದಿಯಾಯಿತು. ಆ ಘಟನೆ ಕೇಳಿ ನಕ್ಕವರೇ ಹೆಚ್ಚು. ಭದ್ರತೆ ಸಡಿಲಾಗಿತ್ತು, ನಿಜ. ಆದರೆ ಇವೆರಡೂ ಘಟನೆಗಳಲ್ಲಿ ಒಳಗೆ ಬಂದವರು ಪರಿಚಯದ ಮೇಲೆ ಪಾಸು ಪಡೆಯುವ ಈಗಿನ ಪದ್ಧತಿಯಲ್ಲೇ ಬಂದವರು. ಗುರುತಿನ ಚೀಟಿ ಕೊಟ್ಟು, ಹೆಸರು ನೋಂದಾಯಿಸಿ, ಗೈಡ್ ಜೊತೆ ಮೂವತ್ತು ಜನರ ತಂಡದಲ್ಲಿ ಬಂದು ಅರ್ಧ ತಾಸು ಗ್ಯಾಲರಿಯಲ್ಲಿ ಕೂತು ಹೋಗುವ ವ್ಯವಸ್ಥೆ ಅದಕ್ಕಿಂತ ಭದ್ರವೇ ಹೊರತು ಸಡಿಲವಲ್ಲ. ಪ್ರವಾಸೋದ್ಯಮವೂ ಸಂಸದೀಯ ವ್ಯವಹಾರವೂ ಒಂದೇ ಮೇಜಿನ ಮೇಲೆ ಇದ್ದಾಗ ಇದನ್ನು ಜೋಡಿಸುವುದು ಸುಲಭವಿತ್ತು. ಮೇಜು ಬೇರೆಯಾದರೂ ಕಷ್ಟವೇನಾಗದು.

ಹೊರಗಿನ ಮೆಟ್ಟಿಲುಗಳ ವಿಷಯ ಬೇರೆಯೇ. 2018ರ ಮೇ 23ರಂದು ಕುಮಾರಸ್ವಾಮಿ ಪ್ರಮಾಣವಚನ ಸ್ವೀಕರಿಸಿದ್ದು ಆ ಮೆಟ್ಟಿಲುಗಳ ಮೇಲೆ, ದೇಶದ ಅರ್ಧ ವಿರೋಧ ಪಕ್ಷಗಳು ಸಾಲಾಗಿ ನಿಂತಿದ್ದವು. 2025ರ ಜೂನ್ 4ರಂದು, ನಡಿಗೆ ಶುರುವಾಗಿ ವಾರವೂ ಆಗಿರಲಿಲ್ಲ, ಕ್ರಿಕೆಟ್ ಗೆದ್ದವರಿಗೆ ಅಲ್ಲೇ ಸನ್ಮಾನ. ಅದೇ ಹೊತ್ತಿಗೆ ಕೂಗಳತೆಯ ಕ್ರೀಡಾಂಗಣದ ಗೇಟುಗಳಲ್ಲಿ 11 ಜನ ತುಳಿತಕ್ಕೆ ಸಿಕ್ಕಿ ಸತ್ತರು. ಸಂಭ್ರಮಕ್ಕೆ ಮೆಟ್ಟಿಲು ಸಿಗುತ್ತದೆ. ಸಿಟ್ಟಿಗೆ? ಬೆಂಗಳೂರಿನಲ್ಲಿ ಪ್ರತಿಭಟನೆಗೆಂದು ಗೊತ್ತು ಮಾಡಿದ ಜಾಗ ಫ್ರೀಡಂ ಪಾರ್ಕ್. ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ಅಡ್ವಾಣಿಯವರಂಥವರನ್ನು ಇಟ್ಟಿದ್ದ ಜಾಗ. ಕೈದಿಗಳನ್ನು ಜೈಲಿನಿಂದ ತಂದು ಸೌಧ ಕಟ್ಟಿಸಿದ ನಾಡಿನಲ್ಲಿ, ಸೌಧಕ್ಕೆ ಮಾತು ಮುಟ್ಟಿಸಬೇಕೆಂದವರು ಹಳೇ ಜೈಲಿಗೆ ಹೋಗಿ ಕೂರಬೇಕು. ಇದನ್ನು ಯಾರೂ ಬೇಕೆಂದು ಯೋಚಿಸಿ ಮಾಡಿದ್ದಲ್ಲ, ಆದರೂ ಹೀಗಾಗಿದೆ. ಒಂದೂವರೆ ಕಿಲೋಮೀಟರಿನ ನಡಿಗೆಯನ್ನು ಇನ್ನೊಂದಿಷ್ಟು ಎಳೆದು ಅಲ್ಲಿಗೂ ಒಯ್ದರೆ ಪಾಠ ಪೂರ್ತಿಯಾಗುತ್ತದೆ ಎಂದು ನನಗನ್ನಿಸುತ್ತದೆ. ಪ್ರವಾಸೋದ್ಯಮ ಇಲಾಖೆ ಒಪ್ಪಲಿಕ್ಕಿಲ್ಲ.

ಬೆಂಗಳೂರಿನ ಮಾತು ಸಾಕು. ನಮ್ಮ ಕಡೆಗೂ ಒಂದು ಸೌಧವಿದೆಯಲ್ಲ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟಿಸಿದರು. ನೂರಾರು ಕೋಟಿಯ ಕಟ್ಟಡ. ಚಳಿಗಾಲದ ಅಧಿವೇಶನಕ್ಕೆ ಸುಮಾರು ಹತ್ತು ದಿನ ತುಂಬಿ ತುಳುಕುತ್ತದೆ. ಉಳಿದ ದಿನಗಳಲ್ಲಿ ಹೆದ್ದಾರಿಯಲ್ಲಿ ಹೋಗುವ ಬಸ್ಸಿನವರು ಕಿಟಕಿಯಿಂದ ನೋಡಿ ‘ಅಗೋ’ ಎನ್ನುವಷ್ಟಕ್ಕೆ ಮುಗಿಯಿತು. ಸದನವಿಲ್ಲದಾಗ ತೋರಿಸಬೇಕು, ಕಚೇರಿ ಕೆಲಸಕ್ಕೆ ತೊಂದರೆಯಾಗಬಾರದು ಎಂಬ ಷರತ್ತಿಗೆ ಇದಕ್ಕಿಂತ ಒಪ್ಪುವ ಕಟ್ಟಡ ಇನ್ನೊಂದಿಲ್ಲ. ಗದಗಿನಿಂದ ಶಾಲೆಯ ಬಸ್ಸೊಂದು ಬೆಳಿಗ್ಗೆ ಹೊರಟು ರಾತ್ರಿ ವಾಪಸಾಗುವ ದೂರ. ಗಡಿ ತಂಟೆ, ಉತ್ತರ ಕರ್ನಾಟಕದ ಅಸಮಾಧಾನ, ಮಹದಾಯಿ, ನಂಜುಂಡಪ್ಪ ವರದಿ ಇವನ್ನೆಲ್ಲ ಆ ಗೋಡೆಗಳ ನಡುವೆ ನಿಂತು ಹೇಳಬಹುದು. ಅಧಿವೇಶನದ ಆ ಕೆಲವೇ ದಿನಗಳಲ್ಲಿ ಗ್ಯಾಲರಿಯ ಒಂದಿಷ್ಟು ಸಾಲುಗಳನ್ನು ಶಿಫಾರಸು ಕೇಳದೆ ಹಳ್ಳಿಯ ಶಾಲೆಗಳಿಗೆ ಬಿಟ್ಟುಕೊಡಬಹುದು. ಬೆಂಗಳೂರಿನಲ್ಲಿ ಮಾಡಿದ್ದನ್ನು ಬೆಳಗಾವಿಯಲ್ಲಿ ಅದಕ್ಕಿಂತ ಚೆನ್ನಾಗಿ ಮಾಡುವ ಅವಕಾಶ ಇದು.

ಹಾಗಾದರೆ ಕಟ್ಟಡವನ್ನು ಲೆಕ್ಕದ ಸಮೇತ ತೋರಿಸುವುದು ಎಂದರೆ ಹೇಗೆ ಎಂದು ಕೇಳಿದರೆ, ಅದಕ್ಕೆ ಲಂಡನ್ನಿಗೆ ಹೋಗಬೇಕಿಲ್ಲ. ಅಸುಂಡಿಯಂಥ ಊರುಗಳಲ್ಲಿ ಅದು ವರ್ಷಕ್ಕೊಮ್ಮೆ ನಡೆಯುತ್ತದೆ, ನಡೆಯಬೇಕು. ಗ್ರಾಮ ಪಂಚಾಯ್ತಿಯ ಜಮಾಬಂದಿ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದ ಒಳಗೆ ತಾಲೂಕಿನಿಂದ ಒಬ್ಬ ಅಧಿಕಾರಿ ಬರುತ್ತಾರೆ. ಮೇಜಿನ ಮೇಲೆ ನಗದು ಪುಸ್ತಕ, ವೋಚರು, ಕಾಮಗಾರಿ ಕಡತ, ಅಳತೆ ಪುಸ್ತಕ. ಓದಿ ಮುಗಿದ ಮೇಲೆ ಎಲ್ಲರೂ ಎದ್ದು ಹೊರಗೆ ನಡೆಯುತ್ತಾರೆ. ಮುಂದೆ ಅಧಿಕಾರಿ, ಪಕ್ಕದಲ್ಲಿ ಪಿಡಿಒ, ಹಿಂದೆ ಅಧ್ಯಕ್ಷರು, ಸದಸ್ಯರು, ಊರಿನ ಹಿರಿಯರು, ಕೊನೆಗೆ ಶಾಲೆ ಬಿಟ್ಟ ಹುಡುಗರು. ಹೊಸ ಗಟಾರದ ಹತ್ತಿರ ನಿಂತು ಟೇಪು ಹಿಡಿಯುತ್ತಾರೆ. ‘ಪುಸ್ತಕದಾಗ ಎಷ್ಟ್ ಮೀಟರ್ ಬರದೀರ್ರೀ?’ ಎಂದು ಯಾರಾದರೂ ಕೇಳುತ್ತಾರೆ. ‘ಅಲ್ರೀ ಅಣ್ಣಾರ, ಆ ಮೂಲಿ ಬಿಟ್ಟು ಅಳತಿ ಮಾಡಿದ್ರ ಹ್ಯಾಂಗ?’ ಎಂದು ಇನ್ನೊಬ್ಬರು ತಡೆಯುತ್ತಾರೆ. ಟೇಪು ಮತ್ತೆ ಬಿಚ್ಚುತ್ತದೆ. ಕೆಲವು ಕಡೆ ಇದು ಚಹಾ, ಅವಲಕ್ಕಿ, ಸಹಿಯಲ್ಲಿ ಮುಗಿಯುವುದೂ ಇದೆ. ಸರಿಯಾಗಿ ನಡೆದ ಕಡೆ ಊರಿನವರು ತಮ್ಮ ಸರ್ಕಾರವನ್ನು ಅಡಿ ಅಡಿಯಾಗಿ ನೋಡುತ್ತಾರೆ. ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರಿ ಸಂಘ ಕಟ್ಟಿದಾಗ ಅದಕ್ಕೆ ಗುಮ್ಮಟವೂ ಇರಲಿಲ್ಲ, ಕಂಬವೂ ಇರಲಿಲ್ಲ. ಸದಸ್ಯ ಯಾವತ್ತು ಬೇಕಾದರೂ ತನ್ನ ಲೆಕ್ಕ ಕೇಳಬಹುದು ಎಂಬುದೇ ಅಂಥ ಸಂಘದ ಬುನಾದಿ.

ವಿಧಾನಸೌಧಕ್ಕೂ ಇಂಥ ಪುಸ್ತಕಗಳಿವೆ. ಸದನದಲ್ಲಿ ಮಂತ್ರಿಗಳು ‘ಮಾಡಿಸಿಕೊಡುತ್ತೇವೆ’, ‘ಪರಿಶೀಲಿಸುತ್ತೇವೆ’ ಎಂದು ಹೇಳಿದ ಮಾತುಗಳನ್ನು ಬರೆದಿಟ್ಟುಕೊಂಡು, ಎಷ್ಟು ಈಡೇರಿತು ಎಂದು ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಎಂಬುದೊಂದಿದೆ. ಜನರ ಮನವಿಗಳನ್ನು ಸದನದ ಪರವಾಗಿ ವಿಚಾರಿಸಲು ಅರ್ಜಿಗಳ ಸಮಿತಿ ಇದೆ. ಪ್ಲಾಸ್ಟಿಕ್ ಫೈಲು ಹಿಡಿದು ಗೇಟಿನ ಮುಂದೆ ನಿಲ್ಲುವ ಎಷ್ಟೋ ಜನರಿಗೆ ಇವೆರಡರ ಹೆಸರೂ ಕಿವಿಗೆ ಬಿದ್ದಿರುವುದಿಲ್ಲ. ಭಾನುವಾರದ ನಡಿಗೆ ಆ ಎರಡು ಸಮಿತಿಗಳ ಕೋಣೆಯ ಮುಂದೆ ನಿಲ್ಲಲಿ. ಗದಗ ಜಿಲ್ಲೆಗೆ ಕೊಟ್ಟ ಭರವಸೆಗಳಲ್ಲಿ ಬಾಕಿ ಉಳಿದವು ಎಷ್ಟು ಎಂದು ತಂಡದಲ್ಲಿ ಯಾರಾದರೂ ಕೇಳಿದರೆ ಗೈಡ್ ಪಟ್ಟಿ ತೆಗೆದು ಓದಲಿ. ಓದುವುದಕ್ಕೆ ಒಂದೂವರೆ ತಾಸು ಸಾಲದೆ ಹೋದರೆ ಮುಂದಿನ ಮೂವತ್ತು ಜನ ಸ್ವಲ್ಪ ಹೊತ್ತು ಕಾಯಲಿ, ಆ ಮೊಗಸಾಲೆಯಲ್ಲಿ ಬೆಂಚುಗಳಿಗೇನೂ ಕೊರತೆಯಿಲ್ಲ.